ಸಂಪಾದಕರ ಉತ್ತರ: ಕೋರ್ಸ್ ಆಮೇಲೆ, ಮೊದಲು ಕೆಲಸ ಯಾವುದೆಂದು ನಿರ್ಧರಿಸಿ

ತುಮಕೂರಿನ ಓದುಗರೊಬ್ಬರು ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಬರೆದಿರುವ ಪತ್ರದ ಸಾರ ಇಷ್ಟು: ಅವರಿಗೆ ಮೂವತ್ತಾರು ವರ್ಷ. ಬಿ.ಕಾಂ. ಮುಗಿಸಿ ಹನ್ನೆರಡು ವರ್ಷಗಳಿಂದ ವಸಂತನರಸಾಪುರದ ಬಿಡಿಭಾಗ ತಯಾರಿಕಾ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ತವರು ಪಾವಗಡ ತಾಲ್ಲೂಕು. ತಂದೆಯವರ ಐದು ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಕಳೆದ ವರ್ಷ ಇವರ ಕಾರ್ಖಾನೆಯಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯೊಂದು ವಿದ್ಯುತ್, ಡೀಸೆಲ್, ನೀರು ಮತ್ತು ತ್ಯಾಜ್ಯದ ವಿವರ ಕೇಳಿ ಉದ್ದನೆಯ ನಮೂನೆ ಕಳುಹಿಸಿತು. ಅದನ್ನು ತುಂಬಿದವರು ಇವರೇ. ಆ ಕೆಲಸ ಹಿಡಿಸಿ, ಸುಸ್ಥಿರತೆಯ (ಪರಿಸರ, ಸಂಪನ್ಮೂಲ ಮುಂದಿನವರಿಗೂ ಉಳಿಯುವಂತೆ ಉದ್ಯಮ ನಡೆಸುವ) ವಿಷಯದಲ್ಲಿ ಆನ್‌ಲೈನ್ ಸ್ನಾತಕೋತ್ತರ ಪದವಿ ಪಡೆದು ವೃತ್ತಿ ಬದಲಿಸುವ ಆಲೋಚನೆಯಲ್ಲಿದ್ದಾರೆ. ಅವರ ಮುಂದೆ ಮೂರು ಆಯ್ಕೆಗಳಿವೆ: ತರಬೇತಿ ಕಂಪನಿಯೊಂದರ ಮೂಲಕ ಏಳು ಲಕ್ಷ ರೂಪಾಯಿಗೆ ಸಿಗುವ ವಿದೇಶಿ ವಿಶ್ವವಿದ್ಯಾಲಯದ ಎಂ.ಎಸ್ಸಿ., ಖಾಸಗಿ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಎಂ.ಬಿ.ಎ., ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೊ) ಸ್ನಾತಕೋತ್ತರ ಡಿಪ್ಲೊಮಾ. ಯಾವುದಕ್ಕೆ ಸೇರಲಿ, ಕೆಲಸ ಬಿಡಲೇ, ವಾಣಿಜ್ಯ ಪದವಿ ಅಡ್ಡಿಯಾಗುವುದೇ ಎಂಬುದು ಅವರ ಪ್ರಶ್ನೆ.

ನಮಸ್ಕಾರ.

ನಿಮ್ಮ ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಚಿಕ್ಕದಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಈಗಿನ ಕೆಲಸವನ್ನು ಬಿಡಬೇಡಿ. ವಾಣಿಜ್ಯ ಪದವಿಯಿಂದಾಗಿ ಈ ಕ್ಷೇತ್ರದ ಕೆಲವು ಕೆಲಸಗಳು ನಿಮಗೆ ದೊರೆಯಲಾರವು. ಆದರೆ ನೀವು ಈಗಾಗಲೇ ಕೈಹಚ್ಚಿರುವ ಕೆಲಸಕ್ಕೆ ಹನ್ನೆರಡು ವರ್ಷ ಲೆಕ್ಕ ಬರೆದವರಷ್ಟು ತಕ್ಕವರು ಬೇರೆ ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ. ಮೂರನೆಯ ಪ್ರಶ್ನೆಗೆ, ಅಂದರೆ ಯಾವ ಕೋರ್ಸ್ ಎಂಬುದಕ್ಕೆ, ನೀವು ಯಾವ ಕೆಲಸಕ್ಕೆ ಹೋಗಬೇಕೆಂದಿದ್ದೀರಿ ಎನ್ನುವುದು ಗೊತ್ತಾಗದೆ ಉತ್ತರ ಹೇಳಲಾಗದು. ನಿಮ್ಮ ಪತ್ರದಲ್ಲಿ ಅದು ಇನ್ನೂ ಸ್ಪಷ್ಟವಾಗಿಲ್ಲ.

ಸುಸ್ಥಿರತೆ ಎಂಬ ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ ಬೇರೆ ವೃತ್ತಿಗಳು ಸೇರಿಕೊಂಡಿವೆ. ಕಾರ್ಖಾನೆಯ ಬಾಯ್ಲರು, ಕಂಪ್ರೆಸರುಗಳನ್ನು ಪರಿಶೀಲಿಸಿ ಎಲ್ಲಿ ವಿದ್ಯುತ್ ಪೋಲಾಗುತ್ತಿದೆ ಎಂದು ಹೇಳುವುದು ಇಂಧನ ಲೆಕ್ಕಪರಿಶೋಧಕರ ಕೆಲಸ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ನಡೆಸುವ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಿರಬೇಕು, ಆ ಪರೀಕ್ಷೆಗೆ ಎಂಜಿನಿಯರಿಂಗ್ ಅಥವಾ ಭೌತಶಾಸ್ತ್ರದಂಥ ವಿಜ್ಞಾನದ ಹಿನ್ನೆಲೆ ಮತ್ತು ಅನುಭವ ಬೇಕು. 2006ರ ಅಧಿಸೂಚನೆಯಂತೆ ಯೋಜನೆಗಳ ಪರಿಸರ ಪರಿಣಾಮ ಅಂದಾಜಿಸುವ ಸಲಹಾ ಸಂಸ್ಥೆಗಳೂ ಬಹುಮಟ್ಟಿಗೆ ಹೀಗೆಯೇ. ಯಾವ ಆನ್‌ಲೈನ್ ಎಂ.ಬಿ.ಎ.ಯೂ ಈ ಕೊರತೆಯನ್ನು ತುಂಬಿಕೊಡಲಾರದು. ಎಲ್ಲ ಬಗೆಯ ಉದ್ಯೋಗವೂ ಸಿಗುತ್ತದೆಂದು ಹೇಳುವ ಜಾಹೀರಾತು ಕಣ್ಣಿಗೆ ಬಿದ್ದರೆ ಇಷ್ಟನ್ನು ನೆನಪಿಟ್ಟುಕೊಂಡು ಓದಿ.

ಉಳಿದದ್ದು ವರದಿ ಮತ್ತು ಲೆಕ್ಕದ ಕೆಲಸ; ನಿಮ್ಮ ಮೇಜಿಗೆ ಬಂದ ನಮೂನೆ ಅದರದೇ ಭಾಗ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರ ಮೇ ತಿಂಗಳಲ್ಲಿ ಬಿಆರ್‌ಎಸ್‌ಆರ್ (ಕಂಪನಿಯ ಜವಾಬ್ದಾರಿ ಮತ್ತು ಸುಸ್ಥಿರತೆಯ ವರದಿ) ಎಂಬ ನಮೂನೆಯನ್ನು ಹೊರಡಿಸಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ 2022-23ರಿಂದ ಅದನ್ನು ಕಡ್ಡಾಯ ಮಾಡಿತು. ಒಂಬತ್ತು ತತ್ವಗಳ ಆ ವರದಿಯಲ್ಲಿ ಆರನೆಯದು ಪರಿಸರಕ್ಕೆ ಸಂಬಂಧಿಸಿದ್ದು. 2023ರಲ್ಲಿ ಸೆಬಿ ಅದರಿಂದ ಕೆಲವು ಮುಖ್ಯ ಅಂಕಿಗಳನ್ನು ಬೇರ್ಪಡಿಸಿ, ಅವು ಸರಿಯಿವೆಯೆಂದು ಹೊರಗಿನವರಿಂದ ದೃಢೀಕರಣ ಪಡೆಯಬೇಕೆಂದಿತು. ಈ ನಿಯಮ ಮೊದಲ 150 ಕಂಪನಿಗಳಿಂದ ಆರಂಭವಾಗಿ ಹಂತಹಂತವಾಗಿ 2026-27ರ ಹೊತ್ತಿಗೆ 1000 ಕಂಪನಿಗಳಿಗೆ ವಿಸ್ತರಿಸುವಂತೆ ರೂಪಿಸಲಾಯಿತು. ಲೆಕ್ಕಪತ್ರ ಲೋಕವೂ ಸುಮ್ಮನಿಲ್ಲ: ಅಂತರರಾಷ್ಟ್ರೀಯ ಹಣಕಾಸು ವರದಿ ಮಾನದಂಡಗಳನ್ನು ರೂಪಿಸುವ ಪ್ರತಿಷ್ಠಾನದ ಅಂಗವಾದ ಮಂಡಳಿಯೊಂದು 2023ರ ಜೂನ್‌ನಲ್ಲಿ ಸುಸ್ಥಿರತೆ ಮತ್ತು ಹವಾಮಾನದ ಕುರಿತು ಎರಡು ಮಾನದಂಡಗಳನ್ನು ಪ್ರಕಟಿಸಿದೆ.

ಇದು ಲೆಕ್ಕಿಗರ ಕೆಲಸವೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವನ್ನು ನಿಮ್ಮ ಕಚೇರಿಯಲ್ಲೇ ನೋಡಬಹುದು. ಡೀಸೆಲ್ ಜನರೇಟರಿನ ಹೊರಸೂಸುವಿಕೆ ಲೆಕ್ಕ ಹಾಕಲು ಬೇಕಾಗಿರುವುದು ಲೀಟರು. ನಿಮ್ಮ ಖಾತೆ ಪುಸ್ತಕದಲ್ಲಿರುವುದು ರೂಪಾಯಿ. ಹೀಗಾಗಿ ಬಂಕಿನ ಬಿಲ್ಲು, ಉಗ್ರಾಣದ ಪುಸ್ತಕ, ಜನರೇಟರಿನ ಲಾಗ್ ಪುಸ್ತಕ ಮೂರನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡಬೇಕು. ಅದೇ ಬಿಲ್ಲಿನಲ್ಲಿ ವ್ಯವಸ್ಥಾಪಕರ ಕಾರಿಗೆ ಹೋದ ಡೀಸೆಲನ್ನು ಬೇರೆ ತೆಗೆಯಬೇಕು. ಬೆಸ್ಕಾಂ ಬಿಲ್ಲಿನಲ್ಲಿ ಹಿಂದಿನ ಮತ್ತು ಈಗಿನ ಮಾಪನದ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು, ಪಕ್ಕದಲ್ಲಿರುವ ಮಾಪಕ ಸ್ಥಿರಾಂಕದಿಂದ ಗುಣಿಸಲು ಮರೆತರೆ ಹೈಟೆನ್ಷನ್ ಸಂಪರ್ಕದ ಕಾರ್ಖಾನೆಯ ಬಳಕೆ ಒಂದು ಮನೆಯ ಬಳಕೆಯಂತೆ ಕಾಣುತ್ತದೆ. ಇವನ್ನು ಸರಿಪಡಿಸಿಕೊಂಡ ಮೇಲೆ ಗುಣಾಕಾರ ಸುಲಭ: ಒಂದು ಲೀಟರ್ ಡೀಸೆಲಿಗೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುವ ಅಂಕಿಯಂತೆ ಗ್ರಿಡ್ಡಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ತಿಂಗಳಿಗೆ ಒಂದು ಲಕ್ಷ ಯೂನಿಟ್ ಬಳಸುವ ಕಾರ್ಖಾನೆಯ ಲೆಕ್ಕ 70 ಟನ್ನಿನ ಆಸುಪಾಸಿಗೆ ಬರುತ್ತದೆ. ಡೀಸೆಲಿನ ಲೆಕ್ಕಕ್ಕೆ ಸ್ಕೋಪ್ ಒಂದು ಎಂದೂ ವಿದ್ಯುತ್ತಿನದಕ್ಕೆ ಸ್ಕೋಪ್ ಎರಡು ಎಂದೂ ಹೆಸರು. ಹೆಸರು ಕಲಿಯಲು ಒಂದು ವಾರ ಸಾಕು. ದಾಖಲೆ ಎಲ್ಲಿದೆ, ಯಾವುದನ್ನು ನಂಬಬಹುದು, ಪರಿಶೋಧಕರು ಬಂದಾಗ ಏನನ್ನು ಕೇಳುತ್ತಾರೆ ಎಂಬ ತಿಳಿವಳಿಕೆ ವರ್ಷಗಟ್ಟಲೆ ಕೂತು ಬಂದದ್ದು, ಅದು ನಿಮ್ಮಲ್ಲಿದೆ.

ಈ ಚಿತ್ರವನ್ನು ಅತಿಯಾಗಿ ಹಿಗ್ಗಿಸಿಯೂ ನೋಡಬೇಡಿ. ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರ ವಿವರಗಳನ್ನೂ ಕೊಡಬೇಕು, ಇಲ್ಲವೇ ಕಾರಣ ಹೇಳಬೇಕು ಎಂದು ಮೊದಲು ಹೇಳಿದ್ದ ಸೆಬಿ, 2025ರಲ್ಲಿ ಅದನ್ನು ಸ್ವಯಂಪ್ರೇರಿತವೆಂದು ಸಡಿಲಿಸಿತು. ಆದರೆ ಐರೋಪ್ಯ ಒಕ್ಕೂಟ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಜಲಜನಕ, ವಿದ್ಯುತ್ ಇವುಗಳ ಆಮದಿನ ಮೇಲೆ ತಂದಿರುವ ಇಂಗಾಲ ಸುಂಕದ ವ್ಯವಸ್ಥೆ 2023ರ ಅಕ್ಟೋಬರ್‌ನಿಂದ ವರದಿಯ ರೂಪದಲ್ಲಿದ್ದು, 2026ರ ಜನವರಿಯಿಂದ ಹಣದ ಲೆಕ್ಕಕ್ಕೆ ಬಂದಿದೆ. ಕಾಯ್ದೆ ಬಿಗಿಯಾಗುವುದು, ಸಡಿಲವಾಗುವುದು ಈ ಕ್ಷೇತ್ರದಲ್ಲಿ ನಡೆಯುತ್ತಲೇ ಇರುತ್ತದೆ. ಕೆಲಸ ಬಿಡಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಈಗ ಪಾವಗಡದ ವಿಚಾರ. ತವರಿನ ಜಮೀನಿನ ಬಗ್ಗೆ ನೀವು ಬರೆದಿರುವ ಪುಟ ಪತ್ರದ ಬೇರೆಲ್ಲ ಭಾಗಕ್ಕಿಂತ ಜೀವಂತವಾಗಿದೆ, ಅದಕ್ಕಾಗಿಯೇ ಕೇಳುತ್ತೇನೆ: ನಿಮ್ಮನ್ನು ಸೆಳೆಯುತ್ತಿರುವುದು ಕಾರ್ಖಾನೆಯ ಅಂಕಿಗಳೋ, ಆ ಊರುಗಳ ಬದುಕೋ? ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಬಂದಾಗ, ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ದೇಶದ ಗಮನ ಸೆಳೆಯಿತು. ಜಮೀನಿದ್ದವರಿಗೆ ಬಾಡಿಗೆ ಬಂತು. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನು ಬಂತು ಎಂಬ ಪ್ರಶ್ನೆ ಉಳಿಯಿತು. ಇಂಥ ಪ್ರಶ್ನೆಗಳನ್ನು ಹಿಡಿದು ಕೆಲಸ ಮಾಡಬೇಕೆಂಬ ಆಸೆ ನಿಮಗಿದ್ದರೆ ಬಿಆರ್‌ಎಸ್‌ಆರ್ ಕಲಿಸುವ ಕೋರ್ಸ್ ನಿಮ್ಮದಲ್ಲ; ಪರಿಸರ ಅಧ್ಯಯನ ಅಥವಾ ಗ್ರಾಮೀಣಾಭಿವೃದ್ಧಿಯ ಎಂ.ಎ. ಹತ್ತಿರವಾದೀತು. ಅಲ್ಲಿ ಸಂಬಳ ಕಡಿಮೆ, ಓಡಾಟ ಹೆಚ್ಚು. ಇಬ್ಬರು ಮಕ್ಕಳಿದ್ದಾರೆಂದು ಬರೆದಿದ್ದೀರಿ, ಆದ್ದರಿಂದ ಸದ್ಯಕ್ಕೆ ಕಾರ್ಖಾನೆಯ ವರದಿ-ಲೆಕ್ಕದ ದಾರಿಯನ್ನೇ ಆಧಾರವಾಗಿಟ್ಟುಕೊಂಡು ಮುಂದಿನ ಮಾತು ಹೇಳುತ್ತೇನೆ.

ಮಾನ್ಯತೆಯ ವಿಷಯದಲ್ಲಿ ನಮ್ಮ ಜಿಲ್ಲೆಗಳ ಜನರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರಲ್ಲಿ ಪ್ರಕಟಿಸಿದಾಗ ಪದವಿ ಕೈಯಲ್ಲಿ ಹಿಡಿದು ಅಲೆದವರು ಪ್ರತಿ ತಾಲ್ಲೂಕಿನಲ್ಲೂ ಇದ್ದರು. 2018ರಲ್ಲಿ ಮಾನ್ಯತೆ ಮರಳಿತು, ವಿಶ್ವವಿದ್ಯಾಲಯ ಈಗ ನಡೆಯುತ್ತಿದೆ. ಆದರೂ ಸಂಸ್ಥೆಯ ಹೆಸರನ್ನಷ್ಟೇ ನೋಡದೆ, ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಅನುಮತಿ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೊದ ಜಾಲತಾಣದಲ್ಲಿ ನೀವೇ ನೋಡಬೇಕು. ಅನುಮತಿ ಇರುವ ಆನ್‌ಲೈನ್ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು 2020ರ ನಿಯಮಾವಳಿಯೇ ಹೇಳುತ್ತದೆ. ಅದೇ ಬ್ಯೂರೊದಲ್ಲಿ ವಿದ್ಯಾರ್ಥಿಗಳು ಪ್ರವೇಶಕ್ಕೆ ಮುನ್ನ ಗುರುತಿನ ಸಂಖ್ಯೆ ಪಡೆಯಬೇಕೆಂಬ ನಿಯಮವೂ ಬಂದಿದೆ.

ಏಳು ಲಕ್ಷದ ಎಂ.ಎಸ್ಸಿ. ಬಗ್ಗೆ ನನಗೆ ಒಲವಿಲ್ಲ. ತರಬೇತಿ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಆನ್‌ಲೈನ್ ಪದವಿ ಕೊಡುವ ಜಾಹೀರಾತುಗಳ ಕುರಿತು ಯುಜಿಸಿ 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿ, ಇಂಥ ಏರ್ಪಾಡಿಗೆ ಅವಕಾಶವಿಲ್ಲವೆಂದು ಹೇಳಿದೆ. ಖಾಸಗಿ ಕಂಪನಿ ಯಾರ ಪದವಿಯನ್ನಾದರೂ ಒಪ್ಪಬಹುದು, ಅದು ಅವರ ಇಷ್ಟ. ಆದರೆ ಮುಂದೆ ಸರ್ಕಾರಿ ಹುದ್ದೆಗೋ ಪಿಎಚ್‌.ಡಿ.ಗೋ ಅರ್ಜಿ ಹಾಕುವಾಗ ತೊಡಕಾಗುತ್ತದೆ. ತಂದೆಯವರು ಗುತ್ತಿಗೆ ಹಣದಿಂದ ಶುಲ್ಕ ಕಟ್ಟುತ್ತೇನೆ ಎನ್ನುತ್ತಿದ್ದಾರೆ ಎಂದಿರಿ. ಐದು ಎಕರೆಗೆ ಆರಂಭದ ದರದಲ್ಲಿ ವರ್ಷಕ್ಕೆ ಒಂದು ಲಕ್ಷದ ಐದು ಸಾವಿರ. ಬಾಡಿಗೆಯ ಹೆಚ್ಚಳವನ್ನು ಸೇರಿಸಿಕೊಂಡರೂ ಅವರ ಐದಾರು ವರ್ಷಗಳ ಆದಾಯ ಈ ಒಂದು ಕಾಗದಕ್ಕೆ ಹೋಗುತ್ತದೆ. ತರಬೇತಿ ಕಂಪನಿಯೇ ಕೊಡಿಸುವ ಸಾಲವಾದರೆ ಇನ್ನೂ ಕಷ್ಟ, ಏಕೆಂದರೆ ಸಾಲ ಕೊಡುವುದು ಬೇರೆ ಹಣಕಾಸು ಸಂಸ್ಥೆ. ಕೋರ್ಸ್ ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲುವುದಿಲ್ಲ.

ಎಂ.ಬಿ.ಎ. ಕುರಿತು ಒಂದೇ ಮಾತು: ನೀವು ಕಳುಹಿಸಿದ ಪಠ್ಯಕ್ರಮದಲ್ಲಿ ಸುಸ್ಥಿರತೆಗೆ ಸೇರಿದ ವಿಷಯಗಳು ನಾಲ್ಕೇ, ಉಳಿದದ್ದು ಎಲ್ಲ ಎಂ.ಬಿ.ಎ.ಗಳಲ್ಲೂ ಇರುವ ಮಾರಾಟ, ಮಾನವ ಸಂಪನ್ಮೂಲ ಇತ್ಯಾದಿ. ಬಡ್ತಿಗೆ ಎಂ.ಬಿ.ಎ. ಬೇಕೇ ಬೇಕೆಂದು ನಿಮ್ಮ ಕಾರ್ಖಾನೆ ಹೇಳುವವರೆಗೆ ಕಾಯಬಹುದು.

ಆದ್ದರಿಂದ ನಾನು ಹೇಳುವುದು ಡಿಪ್ಲೊಮಾವನ್ನೇ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಯ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಯಾವುದೇ ಪದವೀಧರರು ಸೇರಬಹುದು; ಶುಲ್ಕ ಸಾವಿರಗಳಲ್ಲಿ ಮುಗಿಯುತ್ತದೆ. ಅದರ ಮಿತಿಯನ್ನೂ ತಿಳಿದಿರಿ: ಅದು ವಿಷಯದ ತಳಹದಿ ಹಾಕಿಕೊಡುತ್ತದೆ, ಕಾರ್ಖಾನೆಯ ವರದಿ ಬರೆಯಲು ಕಲಿಸುವುದಿಲ್ಲ. ಅದಕ್ಕಾಗಿ ಪರಿಸರ ನಿರ್ವಹಣೆಯ ಐಎಸ್‌ಒ 14001 ಮಾನದಂಡದ ಲೆಕ್ಕಪರಿಶೋಧಕರ ತರಬೇತಿಯನ್ನು ಜೊತೆಗೆ ಮಾಡಿಕೊಳ್ಳಿ. ಮುಖ್ಯ ಪರಿಶೋಧಕರದು ಐದು ದಿನದ್ದು, ಕಾರ್ಖಾನೆಯ ಒಳಗಿನ ಪರಿಶೋಧಕರದು ಇನ್ನೂ ಚಿಕ್ಕದು. ನಿಮ್ಮ ಕಾರ್ಖಾನೆಗೆ ಈ ಪ್ರಮಾಣಪತ್ರ ಇದ್ದರೆ ಖರ್ಚನ್ನು ಅವರೇ ಭರಿಸುವಂತೆ ಕೇಳುವುದರಲ್ಲಿ ತಪ್ಪಿಲ್ಲ. ಇಂಗ್ಲಿಷ್ ಉಪನ್ಯಾಸ ಅರ್ಥವಾಗುವುದೋ ಇಲ್ಲವೋ ಎಂಬ ನಿಮ್ಮ ಅಳುಕಿಗೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಜಾಲತಾಣ ಒಳ್ಳೆಯ ಪರೀಕ್ಷೆ: ಐಐಟಿಗಳ ಪ್ರಾಧ್ಯಾಪಕರ ಪಾಠ ಉಚಿತ, ಪ್ರಮಾಣಪತ್ರ ಬೇಕೆನಿಸಿದರೆ ಮಾತ್ರ ಪರೀಕ್ಷೆಯ ಶುಲ್ಕ. ಡಿಪ್ಲೊಮಾಕ್ಕೆ ಸೇರುವ ಮುನ್ನ ಎಂಟು ಅಥವಾ ಹನ್ನೆರಡು ವಾರದ ಒಂದು ಕೋರ್ಸನ್ನು ಮುಗಿಸಿ ನೋಡಿ.

ಯಾವ ಪಠ್ಯಕ್ರಮವನ್ನೇ ಆಗಲಿ ಅಳೆಯಲು ಕೋಲಾರ ಜಿಲ್ಲೆಯ ಪ್ರಶ್ನೆಯೊಂದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನ ಗುರಿಯಿಟ್ಟು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ್ದ ಕೆರೆ ತುಂಬಿ ಕೊಳವೆಬಾವಿಗಳಲ್ಲಿ ನೀರು ಕಂಡವರು ಯೋಜನೆಯನ್ನು ಮೆಚ್ಚುತ್ತಾರೆ. ಮೂರನೆಯ ಹಂತದ ಸಂಸ್ಕರಣೆ ಇಲ್ಲದೆ ಈ ನೀರು ಅಂತರ್ಜಲಕ್ಕೆ ಇಳಿಯಬಾರದೆಂದು ಹೋರಾಟಗಾರರು ಹೇಳುತ್ತಾರೆ. ನೀರಿನ ಮರುಬಳಕೆಯ ಪಾಠ ಓದಿದ ಮೇಲೆ ಈ ಇಬ್ಬರ ವಾದವನ್ನೂ ತೂಗಲು ಯಾವ ಮಾಹಿತಿ ಬೇಕು, ಅದನ್ನು ಯಾರಿಂದ ಕೇಳಬೇಕು ಎಂಬುದಾದರೂ ತಿಳಿಯಬೇಕು. ವಿಶ್ವಸಂಸ್ಥೆಯ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಚಿತ್ರ ತೋರಿಸಿ ಮುಗಿಸುವ ಕೋರ್ಸಾದರೆ ಬಿಡಿ.

ಸಮಯದ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಇಗ್ನೊಗೆ ಜನವರಿ ಮತ್ತು ಜುಲೈನಲ್ಲಿ ಪ್ರವೇಶ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ. ಮಾರ್ಚ್ ಕೊನೆಯಲ್ಲಿ ವರ್ಷದ ಲೆಕ್ಕ ಮುಗಿಸುವ, ಸೆಪ್ಟೆಂಬರ್‌ನಲ್ಲಿ ತೆರಿಗೆ ಲೆಕ್ಕಪರಿಶೋಧನೆಯ ಗಡುವು ಎದುರಿಸುವ ನಿಮಗೆ ಜನವರಿಯ ಪ್ರವೇಶ ಅನುಕೂಲ: ಏಪ್ರಿಲ್‌ ಮುಗಿದ ಮೇಲೆ ಓದು ಹಿಡಿದು, ಆಗಸ್ಟ್ ಒಳಗೆ ನಿಯೋಜಿತ ಬರಹಗಳನ್ನು ಕಳುಹಿಸಿ, ಡಿಸೆಂಬರ್‌ನಲ್ಲಿ ಪರೀಕ್ಷೆಗೆ ಕೂರಬಹುದು.

ದಿನಕ್ಕೆರಡು ಬಾರಿ ಕರೆ ಮಾಡುತ್ತಿರುವ ತರಬೇತಿ ಕಂಪನಿಯ ಸಲಹೆಗಾರರು ಮತ್ತೆ ಫೋನ್ ಮಾಡಿದರೆ, ಪದವಿಯ ಮೇಲೆ ಯಾರ ಸಹಿ ಇರುತ್ತದೆ, ಅದಕ್ಕೆ ಭಾರತದಲ್ಲಿ ಮಾನ್ಯತೆ ಇದೆಯೇ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ಮರಳುತ್ತದೆ ಎಂಬುದಕ್ಕೆ ಇಮೇಲ್‌ನಲ್ಲಿ ಬರವಣಿಗೆಯ ಉತ್ತರ ಕೇಳಿ. ಅದು ಬರುವವರೆಗೆ ಸೀಟು ಕಾಯ್ದಿರಿಸಲೆಂದು ಅವರು ಕೇಳುತ್ತಿರುವ ಮುಂಗಡವನ್ನು ಕಟ್ಟಬೇಡಿ.

— ಸಂ.