ಜಿಗ್‌ಜಾಗ್ ಹೊದಿಕೆಯ ಅಂಚು ಒಳಗೆ ಹೋಗುತ್ತಿದ್ದರೆ

ಕ್ರೋಶಾ ಕೊಕ್ಕೆಯಲ್ಲಿ ಜಿಗ್‌ಜಾಗ್ ಪಟ್ಟೆಯ ಹೊದಿಕೆ ಹಾಕುತ್ತಿದ್ದೇನೆ, 20 ಸಾಲು ಹೆಣೆಯುವಷ್ಟರಲ್ಲಿ ಅಗಲ ಕಮ್ಮಿಯಾಯಿತು, ಏನು ತಪ್ಪಾಗಿದೆ ಎಂದು ಕೇಳಿದ್ದೀರಿ. ಕೈ ಬಿಗಿಯಾಗಿದ್ದಕ್ಕೆ ಅಲ್ಲ, ಅಂಚಿನ ಹೊಲಿಗೆ ತಪ್ಪುತ್ತಿದೆ ಅನ್ನಿಸುತ್ತೆ.

ಜಿಗ್‌ಜಾಗಿನ ಏರಿನ ತುದಿಯಲ್ಲಿ ಒಂದೇ ಹೊಲಿಗೆಗೆ 3 ಡಬಲ್ ಕ್ರೋಶಾ (ಕೊಕ್ಕೆಗೆ ಒಮ್ಮೆ ನೂಲು ಸುತ್ತಿ ಹಾಕುವ ಉದ್ದ ಹೊಲಿಗೆ) ಹಾಕುತ್ತೇವೆ, ಅಂದರೆ 2 ಜಾಸ್ತಿ. ಇಳುಕಲಿನ ತಳದಲ್ಲಿ 3 ಹೊಲಿಗೆ ಸೇರಿಸಿ 1 ಮಾಡುತ್ತೇವೆ, 2 ಕಮ್ಮಿ. ನಡುವೆ ಲೆಕ್ಕ ಸರಿಹೋಗುತ್ತೆ. ಆದರೆ ಸಾಲಿನ ಎರಡೂ ತುದಿಯಲ್ಲಿ ಇರುವುದು ಅರ್ಧ ಏರು. ಅಲ್ಲಿ ಮೊದಲ ಮತ್ತು ಕೊನೆಯ ಹೊಲಿಗೆಗೆ ತಲಾ 2 ಹಾಕಲೇಬೇಕು. ಬಿಟ್ಟರೆ ಸಾಲಿಗೆ 2 ಹೋಗುತ್ತೆ, 20 ಸಾಲಿಗೆ 40! ಸಾಲು ಮುಗಿದು ತಿರುಗುವಾಗ ಹಾಕಿದ 3 ಚೈನನ್ನು (ಸರಪಳಿ ಕುಣಿಕೆ) ಒಂದು ಹೊಲಿಗೆ ಅಂತ ಎಣಿಸಿದ್ದರೆ, ಮುಂದಿನ ಸಾಲಿನ ಕೊನೆಯಲ್ಲಿ ಅದರ ತಲೆಗೆ ಹೆಣೆಯಿರಿ. ಬಹಳ ಜನ ಮರೆಯುವುದು ಅಲ್ಲೇ.

ಏರಿಗೂ ತಳಕ್ಕೂ ನಡುವೆ 5 ಹೊಲಿಗೆ ಇಟ್ಟರೆ, ಸಾಲಿನ ಒಟ್ಟು ಹೊಲಿಗೆ 14ರ ಮಗ್ಗಿಯ ಸಂಖ್ಯೆಗೆ 1 ಸೇರಿಸಿದಷ್ಟು ಇರಬೇಕು. ಉದಾಹರಣೆಗೆ 14 ಹನ್ನೆರಡಲೆ 168, ಮೇಲೆ 1, ಅಂದರೆ 169. ಪ್ರತಿ ಸಾಲಿಗೂ ಎಣಿಸಿ, ದಯವಿಟ್ಟು. ಕೆಟ್ಟ ಸಾಲುಗಳನ್ನು ಬಿಚ್ಚಿಬಿಡಿ, ನೂಲು ಹಾಳಾಗಲ್ಲ. ಬ್ರಿಟಿಷ್ ಪುಸ್ತಕ ನೋಡುತ್ತಿದ್ದರೆ ಈ ಡಬಲ್ ಕ್ರೋಶಾಗೇ ಅಲ್ಲಿ ಟ್ರೆಬಲ್ ಅಂತ ಹೆಸರು.

ಸಾಗರದವರು ಅಂದಿರಲ್ವಾ? ನಾನು ತೀರ್ಥಹಳ್ಳಿ ಕಡೆಯವಳು. ಆಷಾಢದ ಮಳೆಯಲ್ಲಿ ಉಣ್ಣೆ ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಬರುತ್ತೆ. ದಿನಾ ಹೊದೆಯುವುದಕ್ಕಾದರೆ ಅಕ್ರಿಲಿಕ್ ನೂಲೇ ತಗೊಳ್ಳಿ, ಬೇಗ ಒಣಗುತ್ತೆ. ಪಟ್ಟೆಗೆ ಎರಡೆರಡು ಸಾಲಿಗೆ ಬಣ್ಣ ಬದಲಿಸಿ. ಆಗ ನೂಲಿನ ತುದಿಗಳೆಲ್ಲ ಒಂದೇ ಕಡೆ ಬರುತ್ತವೆ.