ರೆಪ್ಪೆಯ ಮೇಲಿನ ಹಳದಿ ಕಲೆ: ತೆಗೆಸುವ ಮೊದಲು ರಕ್ತ ನೋಡಿಸಿ

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ಎರಡೂ ಕಣ್ಣಿನ ಮೇಲಿನ ರೆಪ್ಪೆಯಲ್ಲಿ, ಮೂಗಿನ ಪಕ್ಕಕ್ಕೆ, ಕಡಲೆಹಿಟ್ಟು ಕಲಸಿ ಮೆತ್ತಿದ ಹಾಗೆ ಹಳದಿ ಕಲೆ ಬಂದಿದೆ. ಮೂರು ವರ್ಷದ ಹಿಂದೆ ಸಾಸಿವೆಯಷ್ಟಿತ್ತು, ಈಗ ಅವರೆಕಾಳಿನಷ್ಟಾಗಿದೆ. ನೋವಿಲ್ಲ, ತುರಿಕೆ ಇಲ್ಲ. ತಂಗಿಯ ಮಗಳ ಮದುವೆಗೆ ಇನ್ನು ಎರಡೂವರೆ ತಿಂಗಳಿದೆ. ಪಾರ್ಲರಿನವರು ಒಂದೇ ಸಲಕ್ಕೆ ಸುಟ್ಟು ತೆಗೆಯುತ್ತೇವೆ ಅಂತಾರೆ. ನಮ್ಮ ಅತ್ತೆ ಸುಣ್ಣ, ಸೋಡ ಕಲಸಿ ಹಚ್ಚು ಅಂತಾರೆ. ಇದು ಕ್ಯಾನ್ಸರ್ ಆಗಿಬಿಡುತ್ತದೆಯೇ?
– ಹೆಸರು ಬೇಡ, ತಿಪಟೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನಮ್ಮ, ಇಷ್ಟು ದಿನ ಅದೇ ನಿಮ್ಮ ನಿದ್ದೆ ಕೆಡಿಸಿರಬೇಕು. ನೀವು ಬರೆದಿರುವ ಜಾಗ, ಬಣ್ಣ, ಎರಡೂ ಕಡೆ ಒಂದೇ ಥರ ಇರುವುದು, ಎಲ್ಲ ನೋಡಿದರೆ ಇದು ಕ್ಸಾಂಥೆಲಾಸ್ಮಾ. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. ದೃಷ್ಟಿಗೆ ಏನೂ ತೊಂದರೆಯಿಲ್ಲ. ಆದರೂ ಒಮ್ಮೆ ಕಣ್ಣಿನ ಅಥವಾ ಚರ್ಮದ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಅಲ್ಲಿ ಆಗಿರುವುದು ಇಷ್ಟೇ. ರಕ್ತದಿಂದ ಸೋರಿ ಚರ್ಮಕ್ಕೆ ಬಂದ ಕೊಲೆಸ್ಟ್ರಾಲನ್ನು ನಮ್ಮ ಮೈಯ ಕಸ ತಿನ್ನುವ ಕಣಗಳು ನುಂಗುತ್ತವೆ. ನುಂಗಿದ್ದನ್ನು ಅರಗಿಸಲಾಗದೆ ಹೊಟ್ಟೆ ಉಬ್ಬಿಸಿಕೊಂಡು ಅಲ್ಲೇ ಕುಳಿತುಬಿಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆಲ್ಲ ಸೋಪಿನ ನೊರೆ ತುಂಬಿದ ಹಾಗೆ ಕಾಣುತ್ತವೆ. ಅಂಥ ಕಣಗಳ ಗುಂಪೇ ಆ ಹಳದಿ ಕಲೆ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಕಲೆ ತೆಗೆಸುವ ಆಲೋಚನೆಯನ್ನು ಒಂದು ವಾರ ಪಕ್ಕಕ್ಕಿಟ್ಟು, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕ್ಸಾಂಥೆಲಾಸ್ಮಾ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತದ ಕೊಬ್ಬಿನಲ್ಲಿ ಏರುಪೇರು ಇರುತ್ತದೆ. ಉಳಿದರ್ಧದವರು ನಿಶ್ಚಿಂತೆಯಾಗಿರಬಹುದೇ ಅಂದರೆ, ಅದೂ ಪೂರ್ತಿ ಹೌದೆನ್ನಲಾಗದು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು 1976ರಿಂದ 2009ರವರೆಗೆ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ರೆಪ್ಪೆಯಲ್ಲಿ ಈ ಕಲೆ ಇದ್ದವರಿಗೆ ಹೃದಯಾಘಾತದ ಸಂಭವ ಹೆಚ್ಚಿತ್ತು, ಕೊಲೆಸ್ಟ್ರಾಲಿನ ಲೆಕ್ಕವನ್ನು ಬದಿಗಿಟ್ಟು ನೋಡಿದಾಗಲೂ ಹೆಚ್ಚೇ ಇತ್ತು. ಹಾಗಾಗಿ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಲೆಕ್ಕ), ಸಕ್ಕರೆ, ಥೈರಾಯ್ಡ್, ಲಿವರ್ ಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿಸಿ. ಥೈರಾಯ್ಡ್ ಕುಗ್ಗಿದರೂ ಕೊಲೆಸ್ಟ್ರಾಲ್ ಏರುತ್ತದೆ, ನಿಮ್ಮ ವಯಸ್ಸಿನ ಹೆಂಗಸರಲ್ಲಿ ಇದನ್ನು ಬಹಳ ನೋಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಶಾಲಾ ಶಿಕ್ಷಕಿ ಇದೇ ಕಲೆ ತೆಗೆಸಲು ಬಂದಿದ್ದರು. ರಕ್ತ ಪರೀಕ್ಷೆ ಬರೆದುಕೊಟ್ಟಾಗ ಅವರಿಗೆ ಬೇಸರವಾಯಿತು. ‘ಕಣ್ಣಿಗೆ ಬಂದರೆ ಕೈಗೆ ಸೂಜಿ ಚುಚ್ತೀರಲ್ಲ ಸಾರ್’ ಅಂದರು. ಅವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 230 ಬಂತು. ಮನೆಯಲ್ಲಿ ಯಾರಿಗಾದರೂ ಹಾರ್ಟಿನ ತೊಂದರೆ ಇತ್ತೇ ಎಂದು ಕೇಳಿದೆ. ಅವರಣ್ಣ 41ಕ್ಕೇ ಹೋಗಿಬಿಟ್ಟಿದ್ದರಂತೆ. ಮಕ್ಕಳ ರಕ್ತವನ್ನೂ ನೋಡಿಸಿ ಎಂದೆ. ಮಗ 19ರ ಹುಡುಗ, ಕಬಡ್ಡಿ ಆಡುವವನು, ಮೈಯಲ್ಲಿ ಹಿಡಿದು ನೋಡಿದರೂ ಕೊಬ್ಬಿಲ್ಲ. ಅವನ ಎಲ್‌ಡಿಎಲ್ 210! ವಂಶದಲ್ಲೇ ಇಳಿದು ಬರುವ ಕೊಲೆಸ್ಟ್ರಾಲ್ ಅದು. ಈಗ ತಾಯಿ ಮಗ ಇಬ್ಬರೂ ಮಾತ್ರೆಯಲ್ಲಿದ್ದಾರೆ. ಆ ಕಲೆ ಪಾರ್ಲರಿನಲ್ಲಿ ಸುಟ್ಟುಹೋಗಿದ್ದರೆ ಆ ಹುಡುಗನ ರಕ್ತವನ್ನು ಯಾರೂ ನೋಡುತ್ತಿರಲಿಲ್ಲ ಎಂಬುದು ನನಗೆ ಇವತ್ತಿಗೂ ನೆನಪಾಗುತ್ತದೆ. ನಿಮ್ಮ ಎಲ್‌ಡಿಎಲ್ 190 ದಾಟಿದ್ದರೆ ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ.

ಇನ್ನು ತೆಗೆಸುವ ವಿಚಾರ. ತೆಗೆಸಲೇಬೇಕೆಂದಿಲ್ಲ, ಆದರೆ ಕನ್ನಡಿ ನೋಡಿದಾಗೆಲ್ಲ ಮನಸ್ಸಿಗೆ ಚುಚ್ಚುತ್ತಿದ್ದರೆ ತೆಗೆಸಿಕೊಳ್ಳಿ, ಅದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ. ಚಿಕ್ಕ ಕಲೆಗೆ ಟ್ರೈಕ್ಲೋರೋಅಸೆಟಿಕ್ ಆಮ್ಲವನ್ನು ಕಡ್ಡಿಯ ತುದಿಯಲ್ಲಿ ಅದ್ದಿ ಕಲೆಯ ಮೇಲಷ್ಟೇ ಮುಟ್ಟಿಸುತ್ತೇವೆ. ಚರ್ಮ ಬೆಳ್ಳಗಾಗಿ, ಹಕ್ಕಳೆ ಕಟ್ಟಿ, ಒಂದು ವಾರ ಹತ್ತು ದಿನದಲ್ಲಿ ಉದುರುತ್ತದೆ. ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಬೇಕಾಗಬಹುದು. ಲೇಸರ್, ರೇಡಿಯೋ ಫ್ರೀಕ್ವೆನ್ಸಿಯೂ ಇವೆ. ದೊಡ್ಡ ಕಲೆಯಾದರೆ ಕೊಯ್ದು ಹೊಲಿಗೆ ಹಾಕುವುದೇ ಸರಿ, ಒಂದು ವಾರದೊಳಗೆ ಹೊಲಿಗೆ ಬಿಚ್ಚುತ್ತೇವೆ. ನಮ್ಮ ಮೈಬಣ್ಣದವರಿಗೆ ಸುಟ್ಟ ಜಾಗ ಕಪ್ಪಾಗುವುದು, ಒಮ್ಮೊಮ್ಮೆ ಬಿಳಿಯಾಗಿಯೇ ಉಳಿಯುವುದು ಉಂಟು. ಇದನ್ನು ಮೊದಲೇ ಹೇಳದ ಡಾಕ್ಟರ ಹತ್ತಿರ ಮಾಡಿಸಿಕೊಳ್ಳಬೇಡಿ. ಕಲೆ ಮತ್ತೆ ಬರುವುದೂ ಉಂಟು: ಶಸ್ತ್ರಚಿಕಿತ್ಸೆಯ ನಂತರ ನೂರಕ್ಕೆ 40 ಜನರಿಗೆ ಮರಳಿತೆಂದು 1976ರ ಒಂದು ವರದಿ ಹೇಳುತ್ತದೆ. ನಾಲ್ಕೂ ರೆಪ್ಪೆಯಲ್ಲಿದ್ದರೆ 80 ಜನರಿಗೆ. ಕೊಲೆಸ್ಟ್ರಾಲ್ ಮಾತ್ರೆ ನುಂಗಿದರೆ ಕಲೆ ಕರಗುತ್ತದೆ ಎಂದೂ ನಂಬಿಕೊಳ್ಳಬೇಡಿ. ಮಾತ್ರೆ ಹೃದಯಕ್ಕಾಗಿ. ಮದುವೆಯ ಮಾತಿಗೆ ಬಂದರೆ, ಈ ತಿಂಗಳೇ ಮಾಡಿಸಿದರೆ ಸಮಯವಿದೆ. ಕೊನೆಯ ಮೂರು ವಾರದಲ್ಲಿ ಮಾತ್ರ ಮುಟ್ಟಿಸಬೇಡಿ, ಹಕ್ಕಳೆಯ ಮೇಲೆ ಮೇಕಪ್ ಬಳಿಯುವ ಪಾಡು ಬೇಡ.

ಪಾರ್ಲರ್ ಖಂಡಿತ ಬೇಡ. ಇಡೀ ಮೈಯಲ್ಲಿ ಅತಿ ತೆಳು ಚರ್ಮವೆಂದರೆ ರೆಪ್ಪೆಯದು, ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅದರಡಿಯಲ್ಲಿ ಮೆತ್ತೆಯಂಥ ಕೊಬ್ಬೂ ಇಲ್ಲ. ಸ್ವಲ್ಪ ಆಳಕ್ಕೆ ಸುಟ್ಟರೆ ಚರ್ಮ ಎಳೆದುಕೊಂಡು ಕಣ್ಣು ಪೂರ್ತಿ ಮುಚ್ಚದ ಹಾಗಾಗುತ್ತದೆ.

ಅತ್ತೆಯವರಿಗೂ ನನ್ನ ಮಾತು ಓದಿ ಹೇಳಿ. ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಕೈಯ ಮೇಲಿನ ನರುಲಿಗೆ ಹಿಂದಿನವರು ಅದನ್ನೇ ಹಚ್ಚುತ್ತಿದ್ದರು. ಆದರೆ ರೆಪ್ಪೆಗೆ ಹಚ್ಚಿದ ಸುಣ್ಣ ಬೆವರಿನ ಜೊತೆ ಕಣ್ಣಿಗಿಳಿಯುತ್ತದೆ. ಹಾಗೆ ಬಂದ ಒಬ್ಬಾಕೆಯ ಕಣ್ಣನ್ನು ನಾನೇ ಅರ್ಧ ಗಂಟೆ ತೊಳೆದಿದ್ದೇನೆ. ರೆಪ್ಪೆ ಮಗುಚಿದರೆ ಒಳಗೆ ಅಕ್ಕಿನುಚ್ಚಿನಂಥ ಬಿಳಿ ಚೂರುಗಳು ಅಂಟಿಕೊಂಡಿದ್ದವು. ಹತ್ತಿಯ ಕಡ್ಡಿಯಲ್ಲಿ ಒಂದೊಂದನ್ನೇ ಬಿಡಿಸಿ ತೆಗೆಯಬೇಕಾಯಿತು. ಆ ಕಣ್ಣಿನ ಕರಿಗುಡ್ಡೆಯ ಮೇಲೆ ಮಂಜು ಹಾಗೇ ಉಳಿಯಿತು. ಯಾರಿಗಾದರೂ ಹೀಗಾದರೆ ಡಾಕ್ಟರನ್ನು ಹುಡುಕುವುದಕ್ಕೆ ಮೊದಲೇ ನಲ್ಲಿಯಡಿ ಕಣ್ಣು ಬಿಡಿಸಿ ತೊಳೆಯಲು ಶುರುಮಾಡಿ.

ಪ್ರಶ್ನೆ: ರೆಪ್ಪೆಯ ಅಂಚಿಗೆ ಸಣ್ಣ ನರುಲಿ ಜೋತುಬಿದ್ದಿದೆ. ನಮ್ಮಜ್ಜಿ ‘ಕುದುರಿ ಬಾಲದ ಕೂದಲಾ ಬಿಗಿದ ಕಟ್ಟು, ಎಂಟ ದಿನದಾಗ ಉದುರತೈತಿ’ ಅಂತಾಳೆ. ಕಟ್ಟಬಹುದೇ? ವಯಸ್ಸು 36, ತೂಕ ಸ್ವಲ್ಪ ಜಾಸ್ತಿ.
– ಓದುಗ, ರಾಣೆಬೆನ್ನೂರು

ಉತ್ತರ: ಬೇಡ. ರಕ್ತ ಸಂಚಾರ ನಿಂತರೆ ಅದು ಒಣಗಿ ಉದುರುತ್ತದೆ ಎಂಬ ಅಜ್ಜಿಯ ತರ್ಕದಲ್ಲಿ ತಪ್ಪಿಲ್ಲ. ಆದರೆ ಕೂದಲಿಂದ ಸೋಂಕು ತಗಲಿದರೆ ಅಲ್ಲಿ ಇಡೀ ರೆಪ್ಪೆಯೇ ಊದಿಕೊಳ್ಳುತ್ತದೆ. ಎಕ್ಕದ ಹಾಲನ್ನಂತೂ ಹತ್ತಿರವೂ ತರಬೇಡಿ, ಒಂದು ಹನಿ ಬಿದ್ದರೂ ಕಣ್ಣು ಮಂಜಾಗುತ್ತದೆ. ತೊಟ್ಟಿನ ಮೇಲೆ ನಿಂತಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕತ್ತರಿಸುವುದು ಐದು ನಿಮಿಷದ ಕೆಲಸ. ನಿಮ್ಮ ಕುತ್ತಿಗೆ, ಕಂಕುಳಲ್ಲಿಯೂ ಇಂಥವು ಇವೆಯೇ, ಕುತ್ತಿಗೆಯ ಹಿಂಭಾಗ ಕಪ್ಪಾಗಿದೆಯೇ ನೋಡಿಕೊಳ್ಳಿ. ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ತಂದೆಗೆ 63. ಬಲಗಣ್ಣಿನ ಮೇಲಿನ ರೆಪ್ಪೆಯಲ್ಲಿ ಕಣ್ಣುಕುಟಿಕೆಯಂಥ ಗಂಟು. ಒಂದೂವರೆ ವರ್ಷದಲ್ಲಿ ಎರಡು ಸಲ ಕೊಯ್ದು ಕೆರೆದು ತೆಗೆದರು. ಅದೇ ಜಾಗದಲ್ಲಿ ಮತ್ತೆ ಬಂದಿದೆ. ಅಲ್ಲಿ ಕೂದಲೂ ಉದುರಿದೆ. ಬಿಸಿ ಶಾಖ ಕೊಟ್ಟರೆ ಸಾಕೇ?
– ಓದುಗಿ, ಚಿಂತಾಮಣಿ

ಉತ್ತರ: ಸಾಲದಮ್ಮ. ರೆಪ್ಪೆಯ ಎಣ್ಣೆಗ್ರಂಥಿಯ ಬಾಯಿ ಕಟ್ಟಿಕೊಂಡು ಬರುವ ಮಾಮೂಲಿ ಗಂಟಿಗೆ ಶಾಖ ಒಳ್ಳೆಯ ಮದ್ದು. ದಿನಕ್ಕೆ ಮೂರು ನಾಲ್ಕು ಸಲ, ಹತ್ತು ನಿಮಿಷ ಕೊಟ್ಟರೆ ಬಹಳ ಜನರಿಗೆ ತಿಂಗಳಲ್ಲಿ ಕರಗಿಬಿಡುತ್ತದೆ. ನಿಮ್ಮ ತಂದೆಯವರದು ಹಾಗಲ್ಲ. 63ರ ವಯಸ್ಸು, ಅದೇ ಜಾಗಕ್ಕೆ ಮೂರನೆಯ ಸಲ, ರೆಪ್ಪೆಗೂದಲು ಉದುರಿರುವುದು, ಮೂರೂ ಒಟ್ಟಿಗೆ ಬಂದಿವೆ. ಅದೇ ಎಣ್ಣೆಗ್ರಂಥಿಯಲ್ಲಿ ಹುಟ್ಟುವ ಒಂದು ಕ್ಯಾನ್ಸರ್ ಹೀಗೆ ಕಣ್ಣುಕುಟಿಕೆಯ ವೇಷದಲ್ಲಿ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಅದು ಅಪರೂಪ, ನಮ್ಮ ದೇಶದಲ್ಲಿ ಅಷ್ಟು ಅಪರೂಪವಲ್ಲ. ನಿಮ್ಮ ತಂದೆಗೆ ಅದೇ ಎಂದು ನಾನು ಪತ್ರ ಓದಿ ಹೇಳಲಾರೆ, ಹೇಳಬಾರದು. ಆದರೆ ಅಲ್ಲವೆಂದು ತಿಳಿಯುವ ದಾರಿ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಒಂದೇ.

ಮೊದಲೆರಡು ಸಲ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರೇ ಎಂದು ಚೀಟಿಯಲ್ಲಿ ನೋಡಿ. ಕಳಿಸಿದ್ದರೆ ಆ ವರದಿ ಜೊತೆಗಿಟ್ಟುಕೊಳ್ಳಿ. ಮತ್ತೆ ಕೆರೆಯಲು ಒಪ್ಪಬೇಡಿ. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ನಿಮಗೆ ದೂರವಲ್ಲ. ಅಲ್ಲಾಗಲಿ ಬೇರೆಲ್ಲಾಗಲಿ, ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಆಕ್ಯುಲೋಪ್ಲಾಸ್ಟಿ ಡಾಕ್ಟರಿಗೆ ತೋರಿಸಿ. ಕಿವಿಯ ಮುಂದೆ, ದವಡೆಯ ಕೆಳಗೆ ಗಂಟು ಸಿಗುತ್ತದೆಯೇ ಎಂದು ಅವರು ಮುಟ್ಟಿ ನೋಡುತ್ತಾರೆ. ಶುರುವಿನಲ್ಲೇ ಸಿಕ್ಕರೆ ಕಣ್ಣನ್ನೂ ಉಳಿಸಿಕೊಂಡು ಗುಣಪಡಿಸಬಹುದು. ಈ ವಾರವೇ ಹೊರಡಿ. ಬಯಾಪ್ಸಿ ವರದಿ ಬಂದ ಮೇಲೆ ನನಗೆ ಇನ್ನೊಂದು ಕಾಗದ ಬರೆಯಿರಿ, ಏನೇ ಇದ್ದರೂ.