ಚಿತ್ರ, ಫೋಟೊ, ಸಿನಿಮಾ ಮೂರನ್ನೂ ಮಾಡಿಕೊಂಡು ಬದುಕಬಹುದಾ? ಕೊಡಗಿನಿಂದ ಒಂದು ಉತ್ತರ

ನಾಪೋಕ್ಲು ಹತ್ತಿರದವರು, ಡಿಗ್ರಿ ಕೊನೆಯ ವರ್ಷ ಅಂತ ಬರೆದಿದ್ದೀರಿ. ಚಿತ್ರ ಬರೆಯುತ್ತೀರಿ, ಫೋಟೊ ತೆಗೆಯುತ್ತೀರಿ, ಸಾಕ್ಷ್ಯಚಿತ್ರ ಮಾಡುವ ಆಸೆ ಇದೆ. ಮನೆಯಲ್ಲಿ ಮಾತ್ರ "ಯಾವುದಾದರೂ ಒಂದನ್ನು ಹಿಡಿ" ಅಂತಿದ್ದಾರೆ. ಮೂರನ್ನೂ ಮಾಡಿ ಬದುಕಿದವರು ಇದ್ದಾರಾ, ಅವರ ಜೀವನ ಹೇಗಿರುತ್ತದೆ ಅನ್ನೋದು ನಿಮ್ಮ ಪ್ರಶ್ನೆ.

ಇದ್ದಾರೆ. ನಾನೂ ಇದೇ ಕೆಲಸ ಮಾಡಿಕೊಂಡು ಸೋಮವಾರಪೇಟೆ ಕಡೆ ಇದ್ದೇನೆ. ಆದರೆ ಮೊದಲು ಮೈಸೂರಿನ ಒಬ್ಬರ ವಿಷಯ ಹೇಳುತ್ತೇನೆ. ಮನೆಯವರ ಜೊತೆ ಮಾತಾಡುವಾಗ ನಿಮಗೆ ಉಪಯೋಗಕ್ಕೆ ಬರುತ್ತದೆ.

ಸಿನಿಮಾ ನಿರ್ದೇಶಕ ಎಂ.ಎಸ್. ಸತ್ಯು ಹುಟ್ಟಿದ್ದು 1930ರಲ್ಲಿ, ಮೈಸೂರಿನಲ್ಲಿ. ಬಿ.ಎಸ್ಸಿ. ಓದುತ್ತಿದ್ದವರು ಅದನ್ನು ಅರ್ಧಕ್ಕೇ ಬಿಟ್ಟು 1952ರಲ್ಲಿ ಬೊಂಬಾಯಿಗೆ ಹೋದರು. ಅಲ್ಲಿ ಮೊದಲು ಮಾಡಿದ್ದು ಅನಿಮೇಷನ್ ಕೆಲಸ. ಅಂದರೆ ಸಿನಿಮಾ ಲೋಕಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದು ಚಿತ್ರ ಬರೆಯುವ ಕೈ. ಆಮೇಲೆ ಹಿಂದಿ ನಿರ್ದೇಶಕ ಚೇತನ್ ಆನಂದ್ ಅವರ ಹತ್ತಿರ ಸಹಾಯಕರಾದರು. ಜೊತೆಜೊತೆಗೇ ನಾಟಕಗಳಿಗೆ ರಂಗಸಜ್ಜಿಕೆ ಮಾಡಿದರು, ಬೆಳಕು ಮಾಡಿದರು. 1964ರಲ್ಲಿ ಬಂದ 'ಹಕೀಕತ್' ಸಿನಿಮಾಕ್ಕೆ ಅವರದೇ ಕಲಾ ನಿರ್ದೇಶನ. ಅದಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು.

ಎಲ್ಲರಿಗೂ ಅವರ ಹೆಸರು ಗೊತ್ತಾಗಿದ್ದು 'ಗರ್ಮ್ ಹವಾ' ಮಾಡಿದಾಗ. ಅಷ್ಟು ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ದೇಶ ವಿಭಜನೆಯಾದ ಮೇಲೆ ಆಗ್ರಾದಲ್ಲೇ ಉಳಿದ ಒಂದು ಮುಸ್ಲಿಂ ಕುಟುಂಬದ ಕಥೆ ಅದು. ಸಿನಿಮಾಗಳಿಗೆ ಸಾಲ ಕೊಡುತ್ತಿದ್ದ ಸರ್ಕಾರಿ ಸಂಸ್ಥೆ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟಿದ್ದು ಎರಡೂವರೆ ಲಕ್ಷ ರೂಪಾಯಿ. ಉಳಿದಿದ್ದನ್ನು ಸ್ನೇಹಿತರ ಹತ್ತಿರ ಹೊಂದಿಸಿಕೊಂಡರು. ಸ್ಥಳದಲ್ಲೇ ಧ್ವನಿ ಹಿಡಿಯುವ ಸಲಕರಣೆಗೆ ದುಡ್ಡಿರಲಿಲ್ಲ, ಹಾಗಾಗಿ ಮಾತುಗಳನ್ನು ಆಮೇಲೆ ಡಬ್ ಮಾಡಿದರು. ಆಗ್ರಾದಲ್ಲಿ ಶೂಟಿಂಗ್‌ಗೆ ವಿರೋಧ ಶುರುವಾದಾಗ ಫಿಲ್ಮ್ ಇಲ್ಲದ ಖಾಲಿ ಕ್ಯಾಮೆರಾ ಹಿಡಿದ ಒಂದು ತಂಡವನ್ನು ಬೇರೆ ಜಾಗಗಳಿಗೆ ಕಳಿಸುತ್ತಿದ್ದರು. ಗಲಾಟೆ ಮಾಡುವವರೆಲ್ಲ ಅತ್ತ ಹೋದರೆ ನಿಜವಾದ ಶೂಟಿಂಗ್ ಇತ್ತ ನಡೆಯುತ್ತಿತ್ತು. ಸೆನ್ಸಾರ್‌ನಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡ ಆ ಸಿನಿಮಾಕ್ಕೆ ಕೊನೆಗೆ ರಾಷ್ಟ್ರಪ್ರಶಸ್ತಿ ಬಂತು. 1975ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಕನ್ನಡದಲ್ಲಿ 'ಕನ್ನೇಶ್ವರ ರಾಮ', 'ಚಿತೆಗೂ ಚಿಂತೆ', 'ಬರ' ಮಾಡಿದರು. ನಾಟಕದ ಕೆಲಸವನ್ನು ಮಾತ್ರ ಯಾವತ್ತೂ ಬಿಡಲಿಲ್ಲ.

'ಗರ್ಮ್ ಹವಾ' ನೋಡುವಾಗ ಆ ಹಳೇ ಮನೆಯನ್ನು ಗಮನಿಸಿ. ಮೆಟ್ಟಿಲು, ಮಹಡಿ, ಬಾಗಿಲ ಸಂದು, ಯಾವುದೂ ಸುಮ್ನೆ ಹಿನ್ನೆಲೆಯಲ್ಲಿ ನಿಂತಿಲ್ಲ. ಮನೆ ಕೈತಪ್ಪಿದಾಗ ಅಲ್ಲಿಂದ ಏಳಲು ಒಪ್ಪದ ಒಬ್ಬಳು ಅಜ್ಜಿ ಇದ್ದಾಳೆ. ಕೊನೆಗಾಲದಲ್ಲಿ ಅವಳನ್ನು ಪಲ್ಲಕ್ಕಿಯಲ್ಲಿ ಅದೇ ಮನೆಗೆ ಹೊತ್ತು ತರುತ್ತಾರೆ. ಐನ್‌ಮನೆಗಳ, ಅಂದರೆ ಕುಲದ ಹಿರಿಯರ ಮನೆಗಳ, ಊರಿನವರಾದ ನಮಗೆ ಆ ಅಜ್ಜಿಯ ಹಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯೊಂದನ್ನು ಹೀಗೆ ತೋರಿಸಬೇಕಾದರೆ ವರ್ಷಗಟ್ಟಲೆ ರಂಗದ ಮೇಲೆ ಗೋಡೆ, ಬಾಗಿಲು ನಿಲ್ಲಿಸಿದ ಅನುಭವ ಬೇಕು ಅಂತ ನನಗನ್ನಿಸುತ್ತದೆ. ಅವರು ನಾಟಕಕ್ಕೆ ಕೊಟ್ಟ ವರ್ಷಗಳು ಸಿನಿಮಾದ ಲೆಕ್ಕದಲ್ಲಿ ನಷ್ಟವಲ್ಲ.

ಮನೆಯವರಿಗೆ ಹೇಳಲು ಇನ್ನೊಬ್ಬರು ಬೇಕಾದರೆ ಸತ್ಯಜಿತ್ ರೇ ಇದ್ದಾರೆ. 1943ರಲ್ಲಿ ಜಾಹೀರಾತು ಕಂಪನಿಯೊಂದಕ್ಕೆ ಚಿತ್ರ ಬರೆಯಲು ಸೇರಿದರು, ಸಂಬಳ ತಿಂಗಳಿಗೆ 80 ರೂಪಾಯಿ. ಪುಸ್ತಕಗಳಿಗೆ ಮುಖಪುಟ ಬರೆದರು. 1955ರಲ್ಲಿ ಬಂದ ಮೊದಲ ಸಿನಿಮಾದ ಶೂಟಿಂಗ್ ಶುರು ಮಾಡಿದಾಗಲೂ ಆ ನೌಕರಿ ಬಿಟ್ಟಿರಲಿಲ್ಲ, ರಜೆಯ ದಿನಗಳಲ್ಲಿ ಹೋಗಿ ಶೂಟ್ ಮಾಡುತ್ತಿದ್ದರು. ಅದಕ್ಕೆ ಪೂರ್ತಿ ಬರೆದ ಚಿತ್ರಕಥೆಯೂ ಇರಲಿಲ್ಲ. ದೃಶ್ಯಗಳನ್ನೆಲ್ಲ ಪುಸ್ತಕದಲ್ಲಿ ಬಿಡಿಸಿಟ್ಟುಕೊಂಡಿದ್ದರು.

ಇನ್ನು ನನ್ನ ವಿಷಯ. ಅಪ್ಪ ಎಸ್ಟೇಟ್‌ನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಹಳೇ ಚೆಕ್‌ರೋಲ್ ಹಾಳೆಗಳ ಹಿಂದುಗಡೆ ಖಾಲಿ ಇರುತ್ತಿತ್ತಲ್ಲ, ನಾನು ಚಿತ್ರ ಕಲಿತದ್ದು ಅದರ ಮೇಲೆ. ಒಂದು ಕಡೆ ಕೆಲಸದವರ ಹೆಸರು, ಹಾಜರಿ. ಇನ್ನೊಂದು ಕಡೆ ಅದೇ ಜನರ ಮುಖ. ಪಿಯುಸಿ ಆದ ಮೇಲೆ ಮೈಸೂರಿನ ಕಾವಾ ಅನ್ನುವ ಚಿತ್ರಕಲಾ ಕಾಲೇಜಿನಲ್ಲಿ ಓದಿದೆ. ವಾಪಸ್ ಬಂದು ಅಂಗಡಿಗಳಿಗೆ ಬೋರ್ಡ್ ಬರೆದೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಆಗ ಮದುವೆ ಫೋಟೊ, ವಿಡಿಯೊಗೆ ಇಳಿದೆ.

ಮದುವೆ ಕೆಲಸ ಅಂದರೆ ಕಲಾವಿದರು ಮೂಗು ಮುರಿಯುತ್ತಾರೆ. ನನಗಂತೂ ಸಾಕ್ಷ್ಯಚಿತ್ರ ಕಲಿಸಿದ್ದೇ ಅದು. ಕೊಡವ ಮದುವೆಯ ಗಂಗಾಪೂಜೆ ನೀವೂ ನೋಡಿರುತ್ತೀರಿ. ಮದುಮಗಳು ನೀರಿನ ಕೊಡ ಹೊತ್ತು ಬರುತ್ತಿರುತ್ತಾಳೆ. ಹುಡುಗನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದೇ ಇಲ್ಲ. ಗಂಟೆಗಟ್ಟಲೆ ನಡೆಯುತ್ತದೆ. "ಇನ್ನೊಂದ್ಸಲ ಮಾಡಿ" ಅಂತ ಯಾರಿಗೂ ಹೇಳುವ ಹಾಗಿಲ್ಲ. ಮುಂದೇನಾಗುತ್ತದೆ ಅಂತ ಊಹಿಸಿ ನೀವೇ ಜಾಗ ಬದಲಿಸಬೇಕು. ಕುಣಿಯುವವರ ಸಂದಿಯಿಂದ ಸುಸ್ತಾದ ಮದುಮಗಳ ಮುಖ ಒಂದು ಕ್ಷಣ ಕಾಣುತ್ತದೆ, ಆ ಹೊತ್ತಿಗೆ ಫೋಕಸ್ ಅಲ್ಲೇ ಇರಬೇಕು. ಇದನ್ನು ಯಾವ ಕೋರ್ಸ್ ಹೇಳಿಕೊಡುತ್ತದೆ ಹೇಳಿ?

ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಈಗ. ಯಾವುದನ್ನು ಚಿತ್ರ ಮಾಡಬೇಕು, ಯಾವುದನ್ನು ಸಿನಿಮಾ ಮಾಡಬೇಕು ಅಂತ ಮೊದಲೇ ಕೂತು ತೀರ್ಮಾನ ಮಾಡಬೇಡಿ. ಎದುರಿಗಿರುವ ವಿಷಯ ತನಗೆ ಏನು ಬೇಕು ಅಂತ ಕೇಳುತ್ತದೆ.

2018ರ ಆಗಸ್ಟ್ ನಿಮಗೂ ನೆನಪಿರುತ್ತದೆ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಯೆಲ್ಲ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರ ಸೇರಿದ್ದರು. ಅಲ್ಲಿ ಟಿವಿ ಕ್ಯಾಮೆರಾಗಳು ಬಂದು ಬಂದು ಜನಕ್ಕೆ ಸಾಕಾಗಿತ್ತು. ಲೆನ್ಸ್ ಕಂಡರೆ ಮುಖ ತಿರುಗಿಸುತ್ತಿದ್ದರು. ನಾನು ಕ್ಯಾಮೆರಾ ಮನೆಯಲ್ಲೇ ಬಿಟ್ಟು ಸ್ಕೆಚ್ ಪುಸ್ತಕ ಹಿಡಿದು ಹೋಗಿದ್ದೆ. ಸಾಮಾನು ಹಂಚುವ ಕೆಲಸ ಮುಗಿದ ಮೇಲೆ ಒಂದು ಮೂಲೆಯಲ್ಲಿ ಕೂತು ಬರೆಯುತ್ತಿದ್ದೆ. ಒಬ್ಬರು ವಯಸ್ಸಾದವರು ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ನೋಡಿ, "ನನ್ನ ಮನೆ ಬರೀತೀಯಾ ಮಗಾ?" ಅಂದರು.

ಮನೆ ಎಲ್ಲಿದೆ ಅಂತ ಕೇಳುವ ಹಾಗಿರಲಿಲ್ಲ. "ಹೇಳಿ ಅಜ್ಜ, ನೀವು ಹೇಳಿದ ಹಾಗೆ ಬರೀತೀನಿ" ಅಂದೆ. ಜಗಲಿಯಿಂದ ಶುರು ಮಾಡಿದರು. ಎಷ್ಟು ಕಂಬ, ಕಣ ಎಲ್ಲಿ, ಹಲಸಿನ ಮರ ಯಾವ ಕಡೆ ಬಾಗಿತ್ತು, ಒಂದೊಂದಾಗಿ ಹೇಳಿದರು. ನಾನು ಅಡುಗೆಮನೆ ಕಿಟಕಿಯನ್ನು ರಸ್ತೆ ಕಡೆ ಹಾಕಿದೆ. "ಅಲ್ಲ ಅಲ್ಲ, ಹಟ್ಟಿ ಕಡೆ. ಹಸು ಕೂಗಿದ್ರೆ ಅವಳಿಗೆ ಒಳಗೇ ಕೇಳ್ಬೇಕಿತ್ತು" ಅಂದರು. ಅಳಿಸಿ ಬರೆದೆ. ಮುಗಿಯುವಷ್ಟರಲ್ಲಿ ಹಿಂದೆ ಇನ್ನೂ ನಾಲ್ಕಾರು ಜನ ನಿಂತಿದ್ದರು. ಎಲ್ಲರಿಗೂ ಅವರವರ ಮನೆ ಬೇಕಿತ್ತು.

ಯೋಚನೆ ಮಾಡಿ. ಇಲ್ಲದೇ ಹೋದ ಮನೆಯನ್ನು ಕ್ಯಾಮೆರಾ ತೋರಿಸಲಾರದು. ಪೆನ್ಸಿಲ್ ತೋರಿಸುತ್ತದೆ. ಆದರೆ ಕಿಟಕಿ ಯಾಕೆ ಹಟ್ಟಿ ಕಡೆ ಇತ್ತು ಅನ್ನುವ ಮಾತು ಪೆನ್ಸಿಲ್‌ಗೆ ಸಿಗುವುದಿಲ್ಲ, ಅದಕ್ಕೆ ಧ್ವನಿ ಬೇಕು. ಕೆಲವು ತಿಂಗಳ ನಂತರ ಅವರೆಲ್ಲರ ಒಪ್ಪಿಗೆ ಕೇಳಿ ಮತ್ತೆ ಹೋದೆ, ಈ ಸಲ ಕ್ಯಾಮೆರಾ, ಮೈಕ್ ಜೊತೆಗೆ. ಚಿತ್ರವನ್ನು ಮೇಜಿನ ಮೇಲಿಟ್ಟು, ಕ್ಯಾಮೆರಾವನ್ನು ನೇರವಾಗಿ ಮೇಲಿನಿಂದ ಕೆಳಮುಖ ಮಾಡಿ ನಿಲ್ಲಿಸಿದೆ. ಮುಖ ತೋರಿಸಲಿಲ್ಲ. ಫ್ರೇಮಿನಲ್ಲಿ ಚಿತ್ರ ಮತ್ತು ಅದರ ಮೇಲೆ ಓಡಾಡುವ ಅವರ ಬೆರಳು ಮಾತ್ರ. "ಇಲ್ಲಿ ಮಲಗ್ತಿದ್ದೆ, ಇಲ್ಲಿ ಕಾಫಿ ಒಣಗ್ಸ್ತಿದ್ವಿ" ಅಂತ ಅವರೇ ಹೇಳಿಕೊಂಡು ಹೋದರು. ನಾನು ಮಾಡಿದ್ದರಲ್ಲಿ ನನಗೆ ಬಹಳ ಬೇಕಾದ ಸಿನಿಮಾ ಅದು. ಚಿತ್ರ ಬರೆಯಲು ಬಾರದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಹಾಗಾಗಿ ದಿನಾ ಬರೆಯುವುದನ್ನು ಬಿಡಬೇಡಿ. ರೊಬಸ್ಟಾ ಕಾಫಿ ಕೊಯ್ಯುವವರ ಕೈಯನ್ನು ಮೊದಲು ಬರೆದು ನೋಡಿ, ಆಮೇಲೆ ಶೂಟ್ ಮಾಡಿ. ಒಂದು ಕೈ ಕೊಂಬೆ ಬಗ್ಗಿಸಿ ಹಿಡಿದಿರುತ್ತದೆ, ಇನ್ನೊಂದು ಗೊಂಚಲನ್ನು ಉಜ್ಜಿ ಬಿಡಿಸುತ್ತದೆ, ಹಣ್ಣು ಕೆಳಗಿನ ಟಾರ್ಪಾಲಿಗೆ ಉದುರುತ್ತದೆ. ಬರೆಯುವಾಗ ಗೊತ್ತಾಗುತ್ತದೆ, ಭಾರವೆಲ್ಲ ಬಗ್ಗಿಸಿ ಹಿಡಿದ ಕೈ ಮೇಲೆ. ಹಾಗಾದರೆ ಕ್ಯಾಮೆರಾ ಯಾವ ಕಡೆ ಇರಬೇಕು ಅನ್ನುವುದೂ ಗೊತ್ತಾಯಿತು, ಅಲ್ವಾ?

ನಮ್ಮ ಮಳೆಯ ಬಗ್ಗೆ ಒಂದು ಎಚ್ಚರಿಕೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಲೆನ್ಸ್ ಒಳಗೆ ಫಂಗಸ್ ಬರುತ್ತದೆ. ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಬ್ಯಾಗಿನಲ್ಲಿ ಇಡಲೇಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಬಣ್ಣದ್ದು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಜಲವರ್ಣದ ಕಾಗದವೂ ಥಂಡಿ ಹಿಡಿದರೆ ಬಣ್ಣವನ್ನು ಕಲೆಕಲೆಯಾಗಿ ಹೀರುತ್ತದೆ. ಮಳೆಗಾಲದಲ್ಲಿ ನಾನು ಇದ್ದಿಲು, ಇಂಕ್‌ನಲ್ಲೇ ಕೆಲಸ ಮಾಡುತ್ತೇನೆ. ಎಡಿಟಿಂಗ್‌ಗೂ ಅದೇ ಕಾಲ. ಕರೆಂಟ್ ಇದ್ದಾಗ.

ದುಡ್ಡು. ಇದನ್ನು ಮುಚ್ಚಿಟ್ಟು ಉತ್ತರ ಕೊಟ್ಟರೆ ನಿಮಗೆ ಅನ್ಯಾಯ. ನನ್ನ ಆದಾಯದ ಅರ್ಧಕ್ಕಿಂತ ಜಾಸ್ತಿ ಇವತ್ತಿಗೂ ಮದುವೆಗಳಿಂದಲೇ. ಹೋಮ್‌ಸ್ಟೇಗಳ ಗೋಡೆಗೆ ಚಿತ್ರ ಬರೆಯುತ್ತೇನೆ, ಶಾಲೆಗಳಲ್ಲಿ ಪಾಠ ಮಾಡುತ್ತೇನೆ. ನನ್ನ ಸ್ವಂತ ಸಿನಿಮಾಗಳಿಂದ ಬಂದದ್ದು ಬಹಳ ಕಮ್ಮಿ. ಒಂದು ರೆಸಾರ್ಟಿನವರು ನನ್ನ ಫೋಟೊಗಳನ್ನು ವರ್ಷಗಟ್ಟಲೆ ಜಾಹೀರಾತಿಗೆ ಬಳಸಿ ಒಂದು ಸಲದ ದುಡ್ಡು ಮಾತ್ರ ಕೊಟ್ಟರು. ಎಷ್ಟೇ ಗುರುತಿನವರಾಗಲಿ, ಎಷ್ಟು ಕಾಲ, ಎಲ್ಲಿ ಬಳಸುತ್ತಾರೆ ಅಂತ ಬರೆಸಿಕೊಂಡೇ ಕೊಡಿ.

ಡಿಗ್ರಿ ಖಂಡಿತ ಮುಗಿಸಿ. ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ, ಈ ಎರಡು ಸಿನಿಮಾ ಶಾಲೆಗಳಲ್ಲೂ ನಿರ್ದೇಶನ, ಕ್ಯಾಮೆರಾ, ಸಂಕಲನದಂಥ ಕೋರ್ಸುಗಳಿಗೆ ಡಿಗ್ರಿ ಬೇಕು, ಪ್ರವೇಶ ಪರೀಕ್ಷೆಯೂ ಇರುತ್ತದೆ. ಅಲ್ಲಿಗೆ ಹೋಗಲೇಬೇಕು ಅಂತಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲಾವಿದರಿಗೆ ಅನುದಾನ ಕೊಡುತ್ತಿದೆ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ, ಕನ್ನಡದಲ್ಲೇ ಬರೆದು ಕಳಿಸಬಹುದು. ಸಾಕ್ಷ್ಯಚಿತ್ರ ನೋಡಲು ತಿರುವನಂತಪುರದ ಉತ್ಸವಕ್ಕೆ ಒಮ್ಮೆ ಹೋಗಿ ಬನ್ನಿ. ಒಂದೇ ವಾರದಲ್ಲಿ ಅಷ್ಟು ಬಗೆಯ ಸಿನಿಮಾ ಇಲ್ಲಿ ಕೂತು ನೋಡಲು ಆಗುವುದಿಲ್ಲ.

ಮನೆಯವರು ಹೆದರುತ್ತಿರುವುದು ಸಂಪಾದನೆಯ ಬಗ್ಗೆ. ಕಲೆಯ ಮೇಲೆ ಅವರಿಗೇನೂ ಸಿಟ್ಟಿರಲಿಕ್ಕಿಲ್ಲ. ನನ್ನಪ್ಪನಿಗೂ ಅದೇ ಚಿಂತೆ ಇತ್ತು. ಅವರ ಜೊತೆ ವಾದ ಮಾಡುವ ಬದಲು ಒಂದು ಕೆಲಸದಲ್ಲಿ ಕೈ ಗಟ್ಟಿ ಮಾಡಿಕೊಳ್ಳಿ, ಅದರಿಂದ ತಿಂಗಳಿಗಿಷ್ಟು ಅಂತ ಮನೆಗೆ ಕೊಡಿ. ಉಳಿದೆರಡನ್ನು ಅದರ ಪಕ್ಕದಲ್ಲೇ ಬೆಳೆಸಿ. ನಿಮ್ಮ ಫೋಟೊ ಚೆನ್ನಾಗಿದ್ದರೆ ಮೊದಲು ಅದೇ ಇರಲಿ. ಮುಂದಿನ ಮದುವೆ ಸೀಸನ್‌ನಲ್ಲಿ ಯಾರಾದರೂ ಅನುಭವಸ್ಥರ ಜೊತೆ ಎರಡನೇ ಕ್ಯಾಮೆರಾಕ್ಕೆ ಹೋಗಿ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಮೈಕ್ ತಗೊಳ್ಳಿ, ಹೊಸ ಲೆನ್ಸ್ ಆಮೇಲೆ. ಡಿಸೆಂಬರಿನಲ್ಲಿ ಕೊಯ್ಲು ಶುರುವಾದಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಐದು ನಿಮಿಷದ್ದು ಮಾಡಿ. ಎಲ್ಲಿಗೂ ಕಳಿಸುವ ಮೊದಲು ಅವರಿಗೇ ತೋರಿಸಿ. ಬೇಡ ಅಂದದ್ದನ್ನು ತೆಗೆದುಬಿಡಿ.